'ನಮ್ಮ ಮನೇಲೇ ಇದೆ' ಅನ್ನೋ ಮಾತಿನ ಇತಿಹಾಸ: ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ ಮತ್ತು ಮೈಸೂರಿನ ಹೆರಿಗೆ ರಿಜಿಸ್ಟರ್

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ, ಬೆಳಗಿನ ಚರ್ಚ್‌ಗೇಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು ಓದೋರಿಗೋಸ್ಕರ ಈ ಬರಹ. ವಿಡಿಯೊದಲ್ಲಿ ಹೇಳಿದ್ದೇ ಇಲ್ಲೂ ಇದೆ, ಅವಸರದಲ್ಲಿ ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಇತಿಹಾಸದ ಹುಚ್ಚಿರೋ ಒಬ್ಬ ಸಾಫ್ಟ್‌ವೇರ್ ನೌಕರ.

ಕಥೆ ಶುರುವಾಗಿದ್ದು ನಮ್ಮ ಕಾಂದಿವಲಿಯಲ್ಲೇ. ಪೂರ್ವಕ್ಕೆ ಠಾಕೂರ್ ವಿಲೇಜ್‌ನಲ್ಲಿ ನಮ್ಮ ಸೊಸೈಟಿ. ಅದೇ ಬಿಲ್ಡಿಂಗ್‌ನಲ್ಲಿ ನಾಲ್ಕು ಕನ್ನಡದ ಮನೆಗಳಿವೆ. ಮೂರನೇ ಮಹಡಿಯ ಗೆಳೆಯ ಕುಂದಾಪುರದ ಕಡೆಯವನು, ಆಫೀಸು ಮಲಾಡ್‌ನಲ್ಲಿ. ಕಳೆದ ವರ್ಷ ಇಬ್ಬರದೂ ಕಂಪನಿ ಹೆಲ್ತ್ ಚೆಕಪ್ ರಿಪೋರ್ಟ್ ಒಂದೇ ವಾರದಲ್ಲಿ ಬಂತು. ಅವನಿಗೆ 36 ವರ್ಷ, ಕಡ್ಡಿ ದೇಹ, ಸಕ್ಕರೆ ಸರಿಯಾಗಿದೆ. ಆದ್ರೆ ಎಲ್‌ಡಿಎಲ್, ಅಂದ್ರೆ ನಾವು 'ಕೆಟ್ಟ ಕೊಲೆಸ್ಟ್ರಾಲ್' ಅಂತೀವಲ್ಲ, ಅದು 228. ನನ್ನದು ಉಲ್ಟಾ. ಕೊಲೆಸ್ಟ್ರಾಲ್ ಪರವಾಗಿಲ್ಲ, ಆದ್ರೆ ಮೂರು ತಿಂಗಳ ಸಕ್ಕರೆ ಲೆಕ್ಕ, ಎಚ್‌ಬಿಎ1ಸಿ, 6.2. ಶುಗರ್ ಬಾಗಿಲು ತಟ್ತಿದೆ ಅಂತ ಅರ್ಥ. ತಮಾಷೆ ಅಂದ್ರೆ ನನ್ನ ರಿಪೋರ್ಟಿನಲ್ಲಿ ಬಿಎಂಐ 24ರ ಎದುರಿಗೆ 'ನಾರ್ಮಲ್' ಅಂತ ಹಸಿರು ಬಣ್ಣದಲ್ಲಿ ಬರೆದಿತ್ತು. ಯಾವ ಲ್ಯಾಬ್ ಅಂತ ಹೆಸರು ಬೇಡ ಬಿಡಿ.

ಲಿಫ್ಟ್ ಹತ್ರ ಸಿಕ್ಕಾಗ ರಿಪೋರ್ಟ್ ಮಾತು ಬಂತು. ಅವನು ಅಂದ, 'ಎಂಥ ಮಾಡೂದು ಮಾರಾಯ, ನಮ್ಮ ಮನೇಲೇ ಇದೆ.' ನಾನೂ ಅಂದೆ, 'ನಮ್ಮ ಮನೇಲೂ ಇದೆಯಪ್ಪ.' ಅಲ್ಲಿಗೆ ಮಾತು ಮುಗೀತು. ಅವನ ಅಪ್ಪ ಎಪ್ಪತ್ತರ ದಶಕದಲ್ಲಿ ಹುಡುಗನಾಗಿ ಬೊಂಬಾಯಿಗೆ ಬಂದು, ಹೋಟೆಲ್‌ನಲ್ಲಿ ಟೇಬಲ್ ಒರೆಸ್ತಾ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಗಲ್ಲಾದಲ್ಲಿ ಕೂತವರು. 44ನೇ ವಯಸ್ಸಿಗೆ ಎದೆನೋವು ಅಂತ ಕೂತವರು ಏಳಲಿಲ್ಲ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಮೂವತ್ತು ವರ್ಷ ದಾಟಿದೆ.

ಇಬ್ಬರೂ ಹೇಳಿದ್ದು ಒಂದೇ ಮಾತು. ಆದ್ರೆ ಆ ಮಾತಿನ ಒಳಗಿರೋ ವಿಷಯ ಒಂದೇ ಅಲ್ಲ. 'ಮನೇಲೇ ಇದೆ' ಅನ್ನೋದು ಜೀನ್‌ನಲ್ಲಿ ಇರಬಹುದು, ತಾಯಿಯ ಗರ್ಭದಲ್ಲಿ ನಡೆದಿದ್ದಿರಬಹುದು, ಅಡುಗೆಮನೆಯಲ್ಲೂ ಇರಬಹುದು. ಮೂರನ್ನೂ ನಾವು ಒಂದೇ ಡಬ್ಬಿಗೆ ತುಂಬಿ 'ಹಣೆಬರಹ' ಅಂತ ಚೀಟಿ ಅಂಟಿಸ್ತೀವಿ. ಇವನ್ನ ಬೇರೆ ಬೇರೆ ಮಾಡೋಕೆ ವಿಜ್ಞಾನಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡೀತು. ಆ ಕೆಲಸದಲ್ಲಿ ನಮ್ಮ ಮೈಸೂರಿನ ಒಂದು ಆಸ್ಪತ್ರೆಗೂ ದೊಡ್ಡ ಪಾಲಿದೆ. ಅಲ್ಲಿಗೆ ಬರ್ತೀನಿ.

ಮನೆತನದಲ್ಲಿ ಕಾಯಿಲೆ ಹರಿದು ಬರುತ್ತೆ ಅನ್ನೋದು ಹೊಸ ವಿಚಾರ ಅಲ್ಲ. ಚರಕಸಂಹಿತೆ ಪ್ರಮೇಹದ ಅಧ್ಯಾಯದಲ್ಲೇ ಬೀಜದೋಷದ ಮಾತಾಡುತ್ತೆ. ಸುಶ್ರುತಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಮೇಹವನ್ನ ಎರಡು ಮಾಡುತ್ತೆ. ಹುಟ್ಟಿನಿಂದ ಬರೋದು ಒಂದು, ಅಪಥ್ಯದಿಂದ ಬರೋದು ಇನ್ನೊಂದು. ಮೊದಲನೇದರವರು ತೆಳ್ಳಗೆ, ಎರಡನೇದರವರು ದಪ್ಪ ಅಂತಾನೂ ಹೇಳುತ್ತೆ. ಇವತ್ತಿನ ಟೈಪ್ 1, ಟೈಪ್ 2 ಎಲ್ಲ ಅದರಲ್ಲೇ ಇತ್ತು ಅಂತ ವಾಟ್ಸ್ಆ್ಯಪ್ ಫಾರ್ವರ್ಡ್ ಬರುತ್ತಲ್ಲ, ಅಷ್ಟು ದೂರ ನಾನು ಹೋಗಲ್ಲ. ಆದ್ರೆ ಎರಡು ದಾರಿ ಇದೆ ಅಂತ ಗಮನಿಸಿದ್ರಲ್ಲ, ಅದು ಸಣ್ಣ ಮಾತಲ್ಲ.

ಮೊದಲು ಗೆಳೆಯನ ಕೇಸ್ ನೋಡೋಣ. ಅದು ಸುಲಭ, ಯಾಕಂದ್ರೆ ಅಲ್ಲಿ ಅಪರಾಧಿ ಒಬ್ಬನೇ.

1930ರ ದಶಕದ ಕೊನೆಗೆ ನಾರ್ವೆಯ ಓಸ್ಲೋದಲ್ಲಿ ಕಾರ್ಲ್ ಮುಲ್ಲರ್ ಅನ್ನೋ ವೈದ್ಯರು ಕೆಲವು ಕುಟುಂಬಗಳನ್ನ ಬೆನ್ನು ಹತ್ತಿದ್ರು. ಈ ಮನೆಗಳಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ, ಜೊತೆಗೆ ಹಿಮ್ಮಡಿಯ ಮೇಲಿನ ಹುರಿ ಮತ್ತು ಕೈಗಂಟುಗಳಲ್ಲಿ ಕೊಬ್ಬಿನ ಗಡ್ಡೆ. ರಕ್ತ ಪರೀಕ್ಷೆ ಮಾಡಿದ್ರೆ ಕೊಲೆಸ್ಟ್ರಾಲ್ ವಿಪರೀತ. ಇದು ವಂಶಪಾರಂಪರ್ಯ ಅಂತ ಅವರು ಬರೆದ್ರು. 1964ರಲ್ಲಿ ಲೆಬನಾನಿನ ಖಚದೂರಿಯನ್ ಅನ್ನೋ ವೈದ್ಯರು ಲೆಕ್ಕ ಇನ್ನೂ ಸ್ಪಷ್ಟ ಮಾಡಿದ್ರು. ಅಲ್ಲಿ ರಕ್ತಸಂಬಂಧದ ಮದುವೆ ಜಾಸ್ತಿ, ನಮ್ಮಲ್ಲಿ ಸೋದರಮಾವ, ಅತ್ತೆ ಮಗಳು ಅಂತ ಇದೆಯಲ್ಲ, ಹಾಗೆ. ಅಂಥ ಕುಟುಂಬಗಳಲ್ಲಿ ಕೊಲೆಸ್ಟ್ರಾಲ್ ಮೂರು ಮೆಟ್ಟಿಲಲ್ಲಿ ನಿಲ್ತಿತ್ತು. ಕೆಲವರದು ಮಾಮೂಲಿ, ಕೆಲವರದು ಅದರ ಎರಡು ಪಟ್ಟು, ಕೆಲವು ಮಕ್ಕಳದು ನಾಲ್ಕು ಪಟ್ಟು. ಒಂದು ಕೆಟ್ಟ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಬಂದ್ರೆ ಎರಡನೇ ಮೆಟ್ಟಿಲು. ಇಬ್ಬರಿಂದಲೂ ಬಂದ್ರೆ ಮೂರನೇದು, ಆ ಮಕ್ಕಳಿಗೆ ಶಾಲೆಗೆ ಹೋಗೋ ವಯಸ್ಸಿಗೇ ಹಾರ್ಟ್ ಅಟ್ಯಾಕ್.

ಒಳಗೆ ನಡೀತಿರೋದು ಏನು ಅಂತ ಗೊತ್ತಾಗಿದ್ದು 1973-74ರಲ್ಲಿ. ಅಮೆರಿಕದ ಡಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅನ್ನೋ ಇಬ್ಬರು ಗೆಳೆಯರು, ಇಂಥ ರೋಗಿಗಳ ಚರ್ಮದ ಜೀವಕೋಶಗಳನ್ನ ಲ್ಯಾಬ್‌ನಲ್ಲಿ ಬೆಳೆಸಿ ನೋಡಿದ್ರು. ಅವರು ಕಂಡಿದ್ದನ್ನ ನಮ್ಮೂರಿನ ಭಾಷೆಯಲ್ಲಿ ಹೇಳ್ತೀನಿ. ಕಾಂದಿವಲಿ ಸ್ಟೇಷನ್ನು, ಬೆಳಗ್ಗೆ ಒಂಬತ್ತು ಗಂಟೆ. ಪ್ಲಾಟ್‌ಫಾರ್ಮ್ ಅಂದ್ರೆ ರಕ್ತನಾಳ. ಜನ ಅಂದ್ರೆ ಎಲ್‌ಡಿಎಲ್ ಕಣಗಳು. ಟ್ರೇನು ಅಂದ್ರೆ ಯಕೃತ್ತು. ಟ್ರೇನಿನ ಬಾಗಿಲುಗಳಿಗೆ ಎಲ್‌ಡಿಎಲ್ ರಿಸೆಪ್ಟರ್ ಅಂತ ಹೆಸರು. ಅರ್ಧ ಬಾಗಿಲು ಮುಚ್ಚಿಬಿಟ್ರೆ ಜನ ಎಲ್ಲಿಗೆ ಹೋಗಬೇಕು? ಪ್ಲಾಟ್‌ಫಾರ್ಮ್ ಮೇಲೇ ನಿಲ್ತಾರೆ. ವರ್ಷಗಟ್ಟಲೆ ನಿಂತ್ರೆ ಗೋಡೆಗೆ ಅಂಟ್ಕೊಳ್ತಾರೆ. ಗೆಳೆಯನ ದೇಹದಲ್ಲಿ ಆಗ್ತಿರೋದು ಇದೇ. ಅವನು ಎಣ್ಣೆ ತಿಂಡಿ ಬಿಟ್ರೆ ಸ್ಟೇಷನ್ನಿಗೆ ಬರೋ ಜನ ಸ್ವಲ್ಪ ಕಡಿಮೆ ಆಗ್ತಾರೆ, ನಿಜ. ಮುಚ್ಚಿದ ಬಾಗಿಲು ಮಾತ್ರ ತೆರೆಯಲ್ಲ.

ಬ್ರೌನ್, ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಅದಕ್ಕೆ ಒಂದು ವರ್ಷ ಮುಂಚೆ, 1984ರ ಫೆಬ್ರವರಿಯಲ್ಲಿ, ಟೆಕ್ಸಸ್‌ನ ಆರು ವರ್ಷದ ಹುಡುಗಿ ಸ್ಟಾರ್ಮಿ ಜೋನ್ಸ್‌ಗೆ ಪಿಟ್ಸ್‌ಬರ್ಗ್‌ನಲ್ಲಿ ಹೃದಯ ಮತ್ತು ಯಕೃತ್ತು ಎರಡನ್ನೂ ಒಂದೇ ಸಲ ಕಸಿ ಮಾಡಿದ್ರು. ಎರಡೂ ಕೆಟ್ಟ ಪ್ರತಿ ಪಡೆದ ಮಗು ಅದು. ಹೊಸ ಯಕೃತ್ತಿನ ಜೊತೆ ಹೊಸ ಬಾಗಿಲುಗಳು ಬಂದ್ವು, ಸಾವಿರ ದಾಟಿದ್ದ ಕೊಲೆಸ್ಟ್ರಾಲ್ ಇಳೀತು. ಪಾಪ, ಹದಿಮೂರಕ್ಕೆ ತೀರಿಕೊಂಡಳು. ಬಾಗಿಲು ಇರೋದು ಯಕೃತ್ತಿನಲ್ಲೇ ಅಂತ ಸಾಬೀತಾಗಿದ್ದು ಆ ಮಗುವಿನ ದೇಹದಲ್ಲಿ.

ಇಷ್ಟರಲ್ಲಿ ಜಪಾನಿನಲ್ಲಿ ಅಕಿರಾ ಎಂಡೊ ಅನ್ನೋರು ಬೂಷ್ಟಿನ ಹಿಂದೆ ಬಿದ್ದಿದ್ರು. ಸುಮಾರು 6,000 ಜಾತಿಯ ಬೂಷ್ಟು, ಅಣಬೆಗಳನ್ನ ಪರೀಕ್ಷೆ ಮಾಡಿ, 1973ರಲ್ಲಿ ಒಂದು ಪೆನಿಸಿಲಿಯಂ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದ್ರು. ಸ್ಟ್ಯಾಟಿನ್ ಯಕೃತ್ತಿನ ಸ್ವಂತ ಕೊಲೆಸ್ಟ್ರಾಲ್ ತಯಾರಿಕೆಗೆ ಬ್ರೇಕ್ ಹಾಕುತ್ತೆ. ಆಗ ಯಕೃತ್ತು ಕೊಲೆಸ್ಟ್ರಾಲ್ ಸಾಲದು ಅಂತ ಗಾಬರಿಯಾಗಿ, ಉಳಿದಿರೋ ಒಳ್ಳೇ ಜೀನ್‌ನಿಂದ ಇನ್ನಷ್ಟು ಬಾಗಿಲು ಮಾಡಿಸುತ್ತೆ. ಗೆಳೆಯನಿಗೆ ಈ ಮಾತ್ರೆ ಕೆಲಸ ಮಾಡೋದು ಅದಕ್ಕೇ. ಅವನ ಹತ್ರ ಇನ್ನೂ ಒಂದು ಒಳ್ಳೇ ಪ್ರತಿ ಇದೆ. 2003ರಲ್ಲಿ ಫ್ರಾನ್ಸಿನ ಕುಟುಂಬಗಳಲ್ಲಿ ಪಿಸಿಎಸ್‌ಕೆ9 ಅನ್ನೋ ಇನ್ನೊಂದು ಜೀನ್ ಸಿಕ್ತು. ಅದು ಬಾಗಿಲು ಕಿತ್ತುಹಾಕೋ ಕೆಲಸದ್ದು. ಮೂರೇ ವರ್ಷಕ್ಕೆ ಡಲಾಸ್‌ನವರು ಅದರ ಉಲ್ಟಾನೂ ತೋರಿಸಿದ್ರು. ಹುಟ್ಟಿನಿಂದಲೇ ಆ ಜೀನ್ ಕೆಟ್ಟಿರೋ ಕಪ್ಪು ಅಮೆರಿಕನ್ನರಲ್ಲಿ ಎಲ್‌ಡಿಎಲ್ 28% ಕಡಿಮೆ, ಹೃದಯದ ಕಾಯಿಲೆ 88% ಕಡಿಮೆ. ಒಂದು ಜೀನ್ ಕೆಟ್ಟಿದ್ದಕ್ಕೆ ಮನುಷ್ಯ ಬಚಾವಾಗೋದು! ಪುಣ್ಯ ಅಂದ್ರೆ ಅದಪ್ಪ.

ಗೆಳೆಯನ ಕಾಯಿಲೆಯ ಹೆಸರು ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೀಮಿಯಾ. ಹೆಸರು ಉದ್ದ ಅಂತ ಅಪರೂಪ ಅನ್ಕೋಬೇಡಿ. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದೆ ಅನ್ನೋದು ಈಗಿನ ಅಂದಾಜು. ನಿಮ್ಮ ಆಫೀಸಿನ ಒಂದು ಫ್ಲೋರ್‌ಗೆ ಒಬ್ಬರು ಅಂತ ಇಟ್ಕೊಳ್ಳಿ. ಹೆಚ್ಚಿನವರಿಗೆ ಗೊತ್ತೇ ಇರಲ್ಲ. ಮತ್ತೆ, ಇದ್ದವರ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ.

ಒಂದೇ ಜೀನ್‌ನ ಇಂಥ ಕಥೆಗೆ ನಮ್ಮ ಮುಂಬೈ ಹೆಸರೂ ಅಂಟಿದೆ, ವಿಷಯಾಂತರ ಆದ್ರೂ ಹೇಳದೆ ಇರೋಕಾಗಲ್ಲ. 1952ರಲ್ಲಿ ಇಲ್ಲಿನ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಎ, ಬಿ, ಒ ಯಾವ ಗುಂಪಿಗೂ ಹೊಂದದ ರಕ್ತವನ್ನ ಕಂಡುಹಿಡಿದ್ರು. ಇವತ್ತಿಗೂ ಪ್ರಪಂಚದ ತುಂಬಾ ಅದಕ್ಕೆ 'ಬಾಂಬೆ ಬ್ಲಡ್ ಗ್ರೂಪ್' ಅಂತಾನೇ ಹೆಸರು. ಅಲ್ಲೂ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಏನು ತಿಂದ್ರೂ, ಎಷ್ಟು ನಡೆದ್ರೂ ಬದಲಾಗಲ್ಲ. 'ಮನೇಲೇ ಇದೆ' ಅನ್ನೋ ಮಾತು ನೂರಕ್ಕೆ ನೂರು ನಿಜ ಆಗೋದು ಇಂಥ ಕಡೆ.

ಈಗ ನಮ್ಮಂಥ ವಲಸೆ ಬಂದವರ ಕಥೆಗೆ ಬರೋಣ. ಊರು ಬಿಟ್ಟಿದ್ದಕ್ಕೆ ಕಾಯಿಲೆ ಬಂತಾ, ಊರಿನಿಂದಲೇ ತಂದಿದ್ದಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಲಂಡನ್ನಿನ ಸೌತಾಲ್‌ಗಿಂತ ಒಳ್ಳೇ ಜಾಗ ಇರಲಿಲ್ಲ. ಪಂಜಾಬಿನವರು ತುಂಬಿರೋ ಜಾಗ ಅದು. ಅಲ್ಲಿನ ಭಾರತೀಯ ಮೂಲದವರಲ್ಲಿ ಸಕ್ಕರೆ ಕಾಯಿಲೆ ಬಿಳಿಯರಿಗಿಂತ ನಾಲ್ಕು ಪಟ್ಟು ಅಂತ 1985ರ ಹೊತ್ತಿಗೇ ಗೊತ್ತಾಗಿತ್ತು. 1995ರಲ್ಲಿ ದೀಪಕ್ ಭಟ್ನಾಗರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ, ಯಾಕಂದ್ರೆ ಉಪಾಯ ಅಷ್ಟು ಸರಳ. ಪಶ್ಚಿಮ ಲಂಡನ್ನಿಗೆ ಹೋದವರನ್ನ ಪರೀಕ್ಷೆ ಮಾಡಿದ್ರು. ಆಮೇಲೆ ಪಂಜಾಬಿಗೆ ಹೋಗಿ, ಊರಲ್ಲೇ ಉಳಿದಿದ್ದ ಅವರ ಒಡಹುಟ್ಟಿದವರನ್ನ ಹುಡುಕಿ ಅವರ ರಕ್ತಾನೂ ತಗೊಂಡ್ರು. ಅದೇ ಅಪ್ಪ ಅಮ್ಮ, ಊರು ಮಾತ್ರ ಬೇರೆ.

ಏನು ಕಂಡಿತು? ಲಂಡನ್ನಿಗೆ ಹೋದವರ ತೂಕ ಜಾಸ್ತಿ, ಬಿಪಿ ಜಾಸ್ತಿ, ಕೊಲೆಸ್ಟ್ರಾಲ್ ಜಾಸ್ತಿ, ಸಕ್ಕರೆ ಜಾಸ್ತಿ. ಅದೆಲ್ಲ ವಲಸೆಯ ಬಾಬತ್ತು. ಆದ್ರೆ ಒಂದು ಅಂಕಿ ಮಾತ್ರ ಅಲ್ಲೂ ಇಲ್ಲೂ ಒಂದೇ ಆಗಿತ್ತು, ಎರಡೂ ಕಡೆ ಬಿಳಿಯರಿಗಿಂತ ಹೆಚ್ಚು. ಅದು ಲಿಪೊಪ್ರೋಟೀನ್-ಎ. 1963ರಲ್ಲಿ ಓಸ್ಲೋದ ಕೋರೆ ಬೆರ್ಗ್ ಕಂಡುಹಿಡಿದ ಕಣ, ಎಲ್‌ಡಿಎಲ್‌ಗೆ ಒಂದು ಬಾಲ ಅಂಟಿಸಿದ ಹಾಗೆ ಇರುತ್ತೆ. ಇದರ ಮಟ್ಟ ಬಹುಪಾಲು ಜೀನ್‌ನಲ್ಲೇ ನಿಗದಿ. ಓಟ್ಸ್ ತಿಂದ್ರೂ ಅಷ್ಟೇ, ವಡಾಪಾವ್ ತಿಂದ್ರೂ ಅಷ್ಟೇ. ಅದಕ್ಕೇ 2019ರ ಯುರೋಪಿನ ಮಾರ್ಗಸೂಚಿ ಇದನ್ನ ಜೀವಮಾನದಲ್ಲಿ ಒಂದು ಸಲ ನೋಡಿದ್ರೆ ಸಾಕು ಅಂತ ಹೇಳಿದ್ದು. ವರ್ಷಾ ವರ್ಷ ಕಂಪನಿ ಚೆಕಪ್‌ನಲ್ಲಿ ಅದೇ ಹತ್ತು ಟೆಸ್ಟ್ ಮಾಡಿಸ್ತೀವಲ್ಲ, ಈ ಒಂದು ಸಲದ ಟೆಸ್ಟ್ ಎಷ್ಟು ಪ್ಯಾಕೇಜ್‌ಗಳಲ್ಲಿ ಇದೆ? ನೋಡಿ ಹೇಳಿ. ನನ್ನದರಲ್ಲಿ ಇರಲಿಲ್ಲ.

ಇನ್ನು ನನ್ನ ಕೇಸ್. ಸಕ್ಕರೆ ಮತ್ತು ಹೊಟ್ಟೆ. ಇಲ್ಲೇ ಕಥೆ ಜಟಿಲ ಆಗೋದು.

1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಒಂದು ಜಾಣ ಊಹೆ ಮಾಡಿದ್ರು. ಬರಗಾಲ, ಹಸಿವಿನಲ್ಲಿ ಬದುಕಿದ ನಮ್ಮ ಪೂರ್ವಿಕರಲ್ಲಿ, ಸಿಕ್ಕಿದ್ದನ್ನ ಕೊಬ್ಬಾಗಿ ಕೂಡಿಡೋ 'ಮಿತವ್ಯಯದ ಜೀನ್' ಇದ್ದವರು ಉಳಿದ್ರು. ಈಗ ದಿನಾ ಹಬ್ಬ, ಹಾಗಾಗಿ ಅದೇ ಜೀನ್ ಶತ್ರು. ಕೇಳೋಕೆ ಎಷ್ಟು ಚೆಂದ ಅಲ್ವಾ? ನಮ್ಮ ಡೊಳ್ಳು ಹೊಟ್ಟೆಗೆ ಅಜ್ಜನ ಕಾಲದ ಬರಗಾಲವೇ ಹೊಣೆ. ನಾನೂ ಒಂದು ಹಳೇ ವಿಡಿಯೊದಲ್ಲಿ ಇದನ್ನೇ ಹೇಳಿದ್ದೆ, ಅದನ್ನ ಇವತ್ತು ತಿದ್ದಿಕೊಳ್ತೀನಿ.

ಯಾಕಂದ್ರೆ ಆ ಜೀನ್ ಹುಡುಕಿದವರಿಗೆ ಸಿಕ್ಕಿದ್ದು ಒಂದಲ್ಲ. 2006ರಲ್ಲಿ ಐಸ್‌ಲ್ಯಾಂಡಿನವರು ಟಿಸಿಎಫ್7ಎಲ್2 ಅನ್ನೋ ಜೀನ್ ಹಿಡಿದ್ರು. ಅದೇ ವರ್ಷ ಹೈದರಾಬಾದಿನ ಗಿರಿರಾಜ್ ಚಾಂಡಕ್ ಮತ್ತು ಪುಣೆಯ ತಂಡ ಸೇರಿ ಅದು ಭಾರತೀಯರಲ್ಲೂ ಕೆಲಸ ಮಾಡುತ್ತೆ ಅಂತ ತೋರಿಸಿದ್ರು. 2007ರಲ್ಲಿ ತೂಕದ ಜೀನ್ ಎಫ್‌ಟಿಒ. ಅಪ್ಪ ಅಮ್ಮ ಇಬ್ಬರಿಂದಲೂ ಅದರ ಅಪಾಯದ ಪ್ರತಿ ಪಡೆದ ಯುರೋಪಿನವರು ಸರಾಸರಿ 3 ಕೆ.ಜಿ. ಹೆಚ್ಚು ತೂಗ್ತಿದ್ರು. ಮೂರೇ ಕೆ.ಜಿ.! ಈಗ ಟೈಪ್ 2 ಸಕ್ಕರೆ ಕಾಯಿಲೆಗೆ ಸಂಬಂಧಿಸಿದ 600ಕ್ಕೂ ಹೆಚ್ಚು ಜಾಗಗಳು ನಮ್ಮ ಜೀನೋಮ್‌ನಲ್ಲಿ ಸಿಕ್ಕಿವೆ. ಒಂದೊಂದೂ ಚಿಟಿಕೆಯಷ್ಟು ತಳ್ಳುತ್ತೆ, ಅಷ್ಟೇ. ಗೆಳೆಯನ ಕಾಯಿಲೆಗೆ ಒಬ್ಬ ಅಪರಾಧಿ, ನನ್ನದಕ್ಕೆ ಇಡೀ ಸಂತೆ.

ಅಷ್ಟೂ ಸೇರಿಸಿದ್ರೂ ಒಂದು ಪ್ರಶ್ನೆ ಉಳೀತಿತ್ತು. 1970ರ ದಶಕದಲ್ಲಿ ನಮ್ಮ ದೇಶದ ನಗರಗಳಲ್ಲಿ ಸಕ್ಕರೆ ಕಾಯಿಲೆ ಸುಮಾರು 2% ಅಂತ ಐಸಿಎಂಆರ್ ಸಮೀಕ್ಷೆ ಹೇಳಿತ್ತು. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ವರದಿ ಪ್ರಕಾರ ದೇಶದಲ್ಲಿ 11.4%, ಅಂದ್ರೆ ಹತ್ತು ಕೋಟಿ ಜನ. ಅಳತೆಯ ವಿಧಾನ ಬೇರೆ ಬೇರೆ, ಒಪ್ಪೋಣ. ಆದ್ರೂ ಐವತ್ತು ವರ್ಷದಲ್ಲಿ ಜೀನ್ ಬದಲಾಗಲ್ಲ. ಹಾಗಿದ್ರೆ ಮನೆಯಿಂದ ಮನೆಗೆ ದಾಟ್ತಿರೋದು ಏನು?

ಇಲ್ಲಿ ಬರುತ್ತೆ ಮೈಸೂರು.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಮೈಸೂರಿನವರಿಗೆಲ್ಲ ಗೊತ್ತು. ಪೂರ್ತಿ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಶುರುವಾಗಿದ್ದು 1906ರಲ್ಲಿ. ನಮ್ಮಮ್ಮ ಹುಟ್ಟಿದ್ದೂ ಅಲ್ಲೇ, 1952ರಲ್ಲಿ. ಆ ಆಸ್ಪತ್ರೆಯ ದಾಖಲೆಗಳಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಸೊಂಟದ ಮೂಳೆಯ ಅಳತೆ, ಎಲ್ಲ ಪೌಂಡು, ಇಂಚಿನಲ್ಲಿ ಬರೆದಿಟ್ಟಿತ್ತು. ಬರೆದ ನರ್ಸುಗಳಿಗೆ ಇದು ಅರವತ್ತು ವರ್ಷ ಆದ್ಮೇಲೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಹೋಗುತ್ತೆ ಅಂತ ಕನಸೂ ಇದ್ದಿರಲಾರದು.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಇಂಥದ್ದೇ ಹಳೇ ದಫ್ತರುಗಳನ್ನ ಹುಡುಕ್ತಿದ್ರು. ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಬರೆದಿಟ್ಟ ಲೆಕ್ಕ ಹಿಡಿದು, ಹುಟ್ಟುವಾಗ ಸಣಕಲಾಗಿದ್ದ ಗಂಡಸರು ಹೃದಯದ ಕಾಯಿಲೆಯಿಂದ ಹೆಚ್ಚು ಸಾಯ್ತಾರೆ ಅಂತ 1989ರಲ್ಲಿ ತೋರಿಸಿದ್ರು. ಕಾಯಿಲೆಯ ಬೀಜ ಗರ್ಭದಲ್ಲೇ ಬೀಳುತ್ತೆ ಅನ್ನೋ ವಾದ. 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಸೇರಿ ನೀಲ್ ಅವರ 'ಮಿತವ್ಯಯದ ಜೀನ್' ಎದುರಿಗೆ 'ಮಿತವ್ಯಯದ ದೇಹ' ಅನ್ನೋ ವಾದ ಇಟ್ರು. ತಾಯಿಗೆ ಊಟ ಕಡಿಮೆ ಆದ್ರೆ, ಮಗುವಿನ ದೇಹ ಮೆದುಳನ್ನ ಉಳಿಸಿಕೊಂಡು ಮಾಂಸಖಂಡ, ಮೇದೋಜೀರಕ ಗ್ರಂಥಿಗಳಲ್ಲಿ ಉಳಿತಾಯ ಮಾಡುತ್ತೆ. ಆ ಉಳಿತಾಯದ ಬಿಲ್ಲು ಐವತ್ತನೇ ವಯಸ್ಸಿಗೆ ಬರುತ್ತೆ.

ಬಾರ್ಕರ್ ಬಳಗದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ, ಆ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿ ಇನ್ನೂ ಅದೇ ಸುತ್ತಮುತ್ತ ವಾಸ ಇದ್ದ 517 ಜನರನ್ನ ಹುಡುಕಿ ಪರೀಕ್ಷೆ ಮಾಡಿದ್ರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ 2.5 ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ 11% ಜನಕ್ಕೆ ಹೃದಯದ ಕಾಯಿಲೆ. 3.1 ಕೆ.ಜಿ. ಮೀರಿದ್ದವರಲ್ಲಿ 3%. ಮಗುವೂ ಸಣ್ಣ, ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕೆ.ಜಿ.ಗಿಂತ ಕಡಿಮೆ ಅಂದ್ರೆ 20%. ಇದನ್ನ ಓದ್ತಾ ನನಗೆ ನೆನಪಾಗಿದ್ದು ನಮ್ಮ ಅಜ್ಜಿ. ಬಸುರಿಯಲ್ಲೂ ಎಲ್ಲರದೂ ಊಟ ಆದ್ಮೇಲೆ ತಳ ಕೆರೆದು ಉಂಡವರು.

ಅಲ್ಲಿಗೆ ಇಂಗ್ಲೆಂಡಿನ ಕಥೆ ಮೈಸೂರಿಗೂ ಹೊಂದಿತು ಅನ್ಕೊಂಡ್ರು. ಆದ್ರೆ 1998ರಲ್ಲಿ ಅದೇ ಜನರ ಸಕ್ಕರೆಯ ಲೆಕ್ಕ ಪ್ರಕಟವಾದಾಗ ಎಲ್ಲರೂ ತಲೆ ಕೆರೆದುಕೊಂಡ್ರು. ಇಂಗ್ಲೆಂಡಿನಲ್ಲಿ ಸಣಕಲು ಮಕ್ಕಳಿಗೆ ಸಕ್ಕರೆ ಕಾಯಿಲೆ. ಮೈಸೂರಿನಲ್ಲಿ ಉದ್ದ ಕಡಿಮೆ ಇದ್ದು, ಉದ್ದಕ್ಕೆ ಹೋಲಿಸಿದ್ರೆ ಗುಂಡಗಿದ್ದ ಮಕ್ಕಳಿಗೆ, ಅದೂ ತೂಕದ ತಾಯಂದಿರ ಮಕ್ಕಳಿಗೆ. ಸಂಶೋಧಕರಿಗೆ ಒಂದು ಅನುಮಾನ ಬಂತು. ಆ ತಾಯಂದಿರಿಗೇ ಬಸುರಿಯಲ್ಲಿ ಸಕ್ಕರೆ ಏರಿತ್ತಾ? ತಾವು ಸಣ್ಣ ಮಕ್ಕಳಾಗಿ ಹುಟ್ಟಿ, ದೊಡ್ಡವರಾದ ಮೇಲೆ ಮೈ ತುಂಬಿಕೊಂಡು, ಬಸುರಿಯಾದಾಗ ಅವರ ದೇಹ ಸಕ್ಕರೆ ನಿಭಾಯಿಸೋಕೆ ಸೋತಿತ್ತಾ? ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ಇನ್ಸುಲಿನ್ ದಾಟಲ್ಲ. ಮಗು ತನ್ನ ಇನ್ಸುಲಿನ್ ತಾನೇ ಸುರಿಸಿ, ಆ ಸಕ್ಕರೆಯನ್ನ ಕೊಬ್ಬು ಮಾಡಿಕೊಳ್ಳುತ್ತೆ. ಹಳೇ ರಿಜಿಸ್ಟರಿನಲ್ಲಿ ಬಸುರಿಯರ ಸಕ್ಕರೆ ಪರೀಕ್ಷೆಯೇ ಇರಲಿಲ್ಲ, ಹಾಗಾಗಿ ಉತ್ತರವೂ ಇರಲಿಲ್ಲ.

ಅದಕ್ಕೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಶುರು ಮಾಡಿದ್ರು. ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ, ಆಮೇಲೆ ಮಕ್ಕಳನ್ನ ವರ್ಷಾನುಗಟ್ಟಲೆ ಹಿಂಬಾಲಿಸೋದು. ಇದಕ್ಕೆ ಮೈಸೂರು ಪಾರ್ಥೆನಾನ್ ಅಧ್ಯಯನ ಅಂತ ಹೆಸರು. ಸುಮಾರು 6% ತಾಯಂದಿರಿಗೆ ಬಸುರಿ ಸಕ್ಕರೆ ಇತ್ತು. ಈಗ ಪತ್ತೇದಾರಿ ಭಾಗ ನೋಡಿ. ಮಗು ಅಪ್ಪನಿಂದ ಅರ್ಧ ಜೀನ್, ಅಮ್ಮನಿಂದ ಅರ್ಧ ಜೀನ್ ತಗೊಳ್ಳುತ್ತೆ. ಬರೀ ಜೀನ್‌ನ ಆಟ ಆಗಿದ್ರೆ ಅಪ್ಪನಿಗೆ ಶುಗರ್ ಇದ್ರೂ ಅಮ್ಮನಿಗೆ ಇದ್ರೂ ಮಗುವಿನ ಮೇಲೆ ಪರಿಣಾಮ ಸಮ ಇರಬೇಕು. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಬರೆದ ಪ್ರಕಾರ, ಸಕ್ಕರೆ ಇದ್ದ ಅಮ್ಮಂದಿರ ಮಕ್ಕಳು ಹುಟ್ಟುವಾಗಲೇ ದಪ್ಪ. ಐದನೇ ವರ್ಷಕ್ಕೆ ಆ ಹೆಣ್ಣುಮಕ್ಕಳ ಚರ್ಮದಡಿ ಕೊಬ್ಬು ಹೆಚ್ಚು, ಇನ್ಸುಲಿನ್ ಹೆಚ್ಚು. ಸಕ್ಕರೆ ಇದ್ದ ಅಪ್ಪಂದಿರ ಮಕ್ಕಳು? ಹುಟ್ಟುವಾಗ ಹಗುರ, ಐದಕ್ಕೆ ಇನ್ಸುಲಿನ್‌ನಲ್ಲಿ ಬೇರೆ ಮಕ್ಕಳಿಗಿಂತ ವ್ಯತ್ಯಾಸ ಇಲ್ಲ.

ಅಮೆರಿಕದ ಅರಿಝೋನಾದ ಪೀಮಾ ಬುಡಕಟ್ಟಿನವರಲ್ಲಿ 2000ದಲ್ಲಿ ಇನ್ನೂ ಚುರುಕಾದ ಸಾಕ್ಷಿ ಸಿಕ್ಕಿತ್ತು. ಒಂದೇ ತಾಯಿಯ ಮಕ್ಕಳನ್ನ ಹೋಲಿಸಿದ್ರು. ತಾಯಿಗೆ ಶುಗರ್ ಬರೋ ಮುಂಚೆ ಹುಟ್ಟಿದವರಿಗಿಂತ, ಬಂದಮೇಲೆ ಹುಟ್ಟಿದ ತಮ್ಮ ತಂಗಿಯರಿಗೆ ಸಕ್ಕರೆ ಕಾಯಿಲೆಯ ಅಪಾಯ ಮೂರು ಪಟ್ಟಿಗೂ ಹೆಚ್ಚು. ಅಪ್ಪನಿಗೆ ಶುಗರ್ ಬರೋ ಮುಂಚೆ, ಆಮೇಲೆ ಅಂತ ಹೋಲಿಸಿದ್ರೆ ಅಂಥ ವ್ಯತ್ಯಾಸ ಇಲ್ಲ. ಅದೇ ಮನೆ, ಅದೇ ಅಪ್ಪ ಅಮ್ಮ. ಆ ಒಂಬತ್ತು ತಿಂಗಳು ಮಾತ್ರ ಬೇರೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರನ್ನ ಬಿಟ್ರೆ ಈ ಕಥೆ ಪೂರ್ತಿ ಆಗಲ್ಲ. ಅವರ ತಂಡ ಪುಣೆ ಸುತ್ತಲ ಹಳ್ಳಿಗಳ ಮಕ್ಕಳನ್ನ ಸೌತಾಂಪ್ಟನ್‌ನ ಮಕ್ಕಳ ಜೊತೆ ಹೋಲಿಸಿತು. ನಮ್ಮ ಮಕ್ಕಳು ಸರಾಸರಿ 2.7 ಕೆ.ಜಿ., ಅವರದು 3.5. ಆದ್ರೆ ಬೆನ್ನಿನ ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಮಾಂಸಖಂಡದಲ್ಲಿ ಕಡಿಮೆ, ಕೊಬ್ಬಿನಲ್ಲಿ ರಾಜಿ ಇಲ್ಲ. 2004ರಲ್ಲಿ ಯಾಜ್ಞಿಕ್ ತಮ್ಮ ಬ್ರಿಟಿಷ್ ಗೆಳೆಯ ಜಾನ್ ಯಡ್ಕಿನ್ ಜೊತೆ ನಿಂತ ಫೋಟೊ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ನನ್ನ ರಿಪೋರ್ಟಿನ ಹಸಿರು 'ನಾರ್ಮಲ್'ನ ಬೆಲೆ ಏನು ಅಂತ ಈಗ ಗೊತ್ತಾಯ್ತಲ್ಲ? ಭಾರತೀಯರಿಗೆ 23 ದಾಟಿದ್ರೇ ತೂಕ ಹೆಚ್ಚು, 25ಕ್ಕೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಅಂತ ನಮ್ಮ ದೇಶದ ತಜ್ಞರು 2009ರಲ್ಲೇ ಹೇಳಿದ್ದಾರೆ. ಎಷ್ಟೋ ರಿಪೋರ್ಟುಗಳಲ್ಲಿ ಇವತ್ತಿಗೂ ಬಿಳಿಯರ 25ರ ಗೆರೆಯೇ ಇದೆ.

ಅಂದ್ರೆ ನನ್ನ 'ಮನೇಲೇ ಇದೆ' ಅನ್ನೋದರಲ್ಲಿ ಜೀನ್ ಇದೆ, ನಮ್ಮಮ್ಮನ ಗರ್ಭ ಇದೆ, ನಮ್ಮಜ್ಜಿಯ ಹಸಿವೂ ಇದೆ. ಅದರ ಮೇಲೆ ನಾನು ಹತ್ತು ವರ್ಷ ಕುರ್ಚಿಯಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಮುಗಿಸಿ ಊಟ ಮಾಡಿದ್ದೂ ಇದೆ. ಅಮ್ಮನ ಮೇಲೆ ತಪ್ಪು ಹೊರಿಸ್ತಿದ್ದೀನಿ ಅಂತ ದಯವಿಟ್ಟು ಯಾರೂ ಅನ್ಕೋಬೇಡಿ. ವಿಡಿಯೊ ಕೆಳಗೆ ಒಬ್ಬರು ಹಾಗೆ ಬರೆದಿದ್ರು. ತಳ ಕೆರೆದು ಉಂಡಿದ್ದು ಅಜ್ಜಿಯ ತಪ್ಪಲ್ಲ, ಅವರಿಗೆ ಕೊನೆಗೆ ಬಡಿಸಿದವರದು.

ಈ ಬಗೆಯದನ್ನ ತಿರುಗಿಸೋಕೆ ಆಗುತ್ತೆ ಅನ್ನೋಕೂ ನಮ್ಮ ದಕ್ಷಿಣದ್ದೇ ಪುರಾವೆ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಶುಗರ್ ಅಂಚಿನಲ್ಲಿದ್ದ 531 ಜನರನ್ನ ತಗೊಂಡು ನಡೆಸಿದ ಅಧ್ಯಯನ 2006ರಲ್ಲಿ ಬಂತು. ಏನೂ ಮಾಡದೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ 55% ಜನಕ್ಕೆ ಶುಗರ್ ಬಂತು. ನಡಿಗೆ, ಊಟದಲ್ಲಿ ಶಿಸ್ತು ಹಿಡಿದವರಲ್ಲಿ 39%. ತೂಕ ಹೇಳಿಕೊಳ್ಳೋ ಹಾಗೆ ಇಳಿಯದೇನೇ ಈ ಲಾಭ. ಅದಕ್ಕೇ ನಾನೀಗ ಪೊಯಿಸರ್ ಮೆಟ್ರೋ ಸ್ಟೇಷನ್‌ವರೆಗೆ ರಿಕ್ಷಾ ಹಿಡಿಯೋದು ಬಿಟ್ಟು ನಡೀತಿದ್ದೀನಿ. ಎಚ್‌ಬಿಎ1ಸಿ ಆರು ತಿಂಗಳಿಗೆ 5.9ಕ್ಕೆ ಬಂದಿದೆ.

ಗೆಳೆಯನಿಗೆ ಇದೇ ಉಪದೇಶ ಮಾಡಿದ್ರೆ ಅವನಿಗೆ ದ್ರೋಹ. ಅವನು ಆಗಲೇ ನನಗಿಂತ ಹೆಚ್ಚು ನಡೀತಾನೆ. ಅವನ ಅಪ್ಪನಿಗೂ ಡಾಕ್ಟರು 'ತುಪ್ಪ ಬಿಡಿ' ಅಂತ ಮಾತ್ರ ಹೇಳಿದ್ರಂತೆ, ಬಿಟ್ಟಿದ್ರಂತೆ ಕೂಡ. ಈ ಬರಹದ ವಿಷಯ ಓದ್ತಾ ಇದ್ದಾಗ ಒಂದು ಭಾನುವಾರ ಅವನ ಮನೆಗೆ ಹೋಗಿ, 'ಹಿಮ್ಮಡಿ ತೋರಿಸು' ಅಂದೆ. ನಕ್ಕ. ಹಿಮ್ಮಡಿಯ ಮೇಲಿನ ಹುರಿ ನನ್ನದಕ್ಕಿಂತ ಎರಡು ಪಟ್ಟು ದಪ್ಪ ಇತ್ತು. 'ಇದು ಅಪ್ಪನಿಗೂ ಹೀಗೇ ಇತ್ತು, ಚಪ್ಪಲಿ ಪಟ್ಟಿ ತಾಗಿ ಆದದ್ದು ಅಂತಿದ್ರು' ಅಂದ. ಆಮೇಲೆ ನಗಲಿಲ್ಲ.

ಮರುವಾರ ಹೃದಯದ ಡಾಕ್ಟರ್ ಹತ್ರ ಹೋದ. ಸ್ಟ್ಯಾಟಿನ್ ಶುರುವಾಯ್ತು, ಮೂರು ತಿಂಗಳಿಗೆ 228 ಇದ್ದಿದ್ದು 118. ಇನ್ನೂ ಇಳೀಬೇಕು ಅಂತ ಎರಡನೇ ಮಾತ್ರೆ ಸೇರಿಸಿದ್ದಾರೆ. ಡಾಕ್ಟರು ಇನ್ನೊಂದು ಮಾತು ಹೇಳಿದ್ರಂತೆ, ಒಡಹುಟ್ಟಿದವರನ್ನ, ಮಕ್ಕಳನ್ನ ಕರ್ಕೊಂಡು ಬನ್ನಿ ಅಂತ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಇಂಥವರ ಮಕ್ಕಳನ್ನ ಹತ್ತು ವರ್ಷದೊಳಗೆ ಪರೀಕ್ಷೆ ಮಾಡಬೇಕು ಅಂತ ಇದೆ. ಊರಲ್ಲಿ ಗದ್ದೆ ನೋಡ್ಕೊಂಡು, ದಿನಾ ಬೆವರು ಸುರಿಸೋ ಅಣ್ಣ ಮೊದಲು ಒಪ್ಪಲಿಲ್ಲ. 'ನಂಗೆಂಥ ಆಯ್ತ್, ನಾನೇನ್ ಬೊಂಬಾಯಂಗ್ ಇದ್ನಾ' ಅಂದರಂತೆ. ಕೊನೆಗೆ ಅತ್ತಿಗೆ ಹಟ ಮಾಡಿ ಕುಂದಾಪುರದಲ್ಲಿ ರಕ್ತ ಕೊಡಿಸಿದ್ರು. ಅಣ್ಣನದು 241.

ಗೆಳೆಯನ ಮಕ್ಕಳದ್ದು ಕಳೆದ ತಿಂಗಳು ಆಯ್ತು. ಸೂಜಿ ಅಂದ್ರೆ ಹೆದರೋ ಮಗ, ಆರು ವರ್ಷ, ಅವನದು 92. ಮಗಳಿಗೆ ಒಂಬತ್ತು, ಅವಳದು 204.